ಸಂದೇಶ ಕಳೆದುಹೋಗುವ ಜಾಲದಲ್ಲಿ ಸಮತೋಲನದ ಶೋಧ: ಗ್ಯಾಂಬಿಟ್ ತಂತ್ರಾಂಶದ ವಿಮರ್ಶೆ

ಗ್ಯಾಂಬಿಟ್ ಎಂಬುದು ಗೇಮ್ ಥಿಯರಿಯ, ಅಂದರೆ ಒಬ್ಬರ ಲಾಭ ಇತರರ ನಡೆಯನ್ನೂ ಅವಲಂಬಿಸಿರುವ ಸನ್ನಿವೇಶಗಳ ಅಧ್ಯಯನದ, ಲೆಕ್ಕಗಳಿಗೆಂದೇ ಬರೆದಿರುವ ಉಚಿತ ತಂತ್ರಾಂಶ. ಆಟವೊಂದರಲ್ಲಿ ಯಾರು ಯಾವಾಗ ಏನು ಮಾಡಬಹುದು, ಆ ಹೊತ್ತಿಗೆ ಅವರಿಗೆ ಏನೇನು ಗೊತ್ತಿರುತ್ತದೆ, ಕೊನೆಗೆ ಯಾರಿಗೆ ಎಷ್ಟು ದಕ್ಕುತ್ತದೆ ಎಂಬುದನ್ನು ತಿಳಿಸಿದರೆ, ಯಾವ ಆಟಗಾರನಿಗೂ ತಾನೊಬ್ಬನೇ ನಡೆ ಬದಲಿಸಿ ಲಾಭ ಪಡೆಯಲಾಗದಂಥ ಸ್ಥಿತಿಯನ್ನು, ಅಂದರೆ ನ್ಯಾಶ್ ಸಮತೋಲನವನ್ನು, ಅದು ಹುಡುಕಿಕೊಡುತ್ತದೆ. ಇಂಥ ಉಪಕರಣವನ್ನು ಹತ್ತು ಬಗೆಯಲ್ಲಿ ಪರೀಕ್ಷಿಸಬಹುದಾದರೂ, ಈ ಬರಹದಲ್ಲಿ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡಿದ್ದೇನೆ: ಡ್ರೋನ್‌ಗಳು, ಸೆನ್ಸರ್‌ಗಳು, ಗೋದಾಮಿನ ರೋಬಾಟ್‌ಗಳಂಥ ಹಲವು ಏಜೆಂಟ್‌ಗಳು ಒಂದು ಜಾಲದಲ್ಲಿದ್ದು, ಅವುಗಳ ನಡುವಿನ ಸಂದೇಶಗಳು ಆಗಾಗ ದಾರಿಯಲ್ಲೇ ಕಳೆದುಹೋಗುವಾಗ, ಯಾವ ಸಮತೋಲನಗಳು ಉಳಿಯುತ್ತವೆ, ಯಾವುವು ಅಳಿಯುತ್ತವೆ ಎಂಬುದನ್ನು ಗ್ಯಾಂಬಿಟ್ ಎಷ್ಟರ ಮಟ್ಟಿಗೆ ತೋರಿಸಬಲ್ಲದು?

ತಂತ್ರಾಂಶಕ್ಕೆ ವಯಸ್ಸಾಗಿದೆ. 1980ರ ದಶಕದ ನಡುವಿನಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ರಿಚರ್ಡ್ ಮೆಕೆಲ್ವಿ ಇದನ್ನು ಬೇಸಿಕ್ ಭಾಷೆಯಲ್ಲಿ ಆರಂಭಿಸಿದರು. ಬಳಿಕ ಅದು ಸಿ ಭಾಷೆಗೆ, ಆಮೇಲೆ ಸಿ ಪ್ಲಸ್ ಪ್ಲಸ್‌ಗೆ ಬದಲಾಯಿತು. ಮೆಕೆಲ್ವಿ 2002ರಲ್ಲಿ ತೀರಿಕೊಂಡ ಮೇಲೆ ಥಿಯೊಡೋರ್ ಟುರೋಸಿ ಅದರ ಮುಂದಾಳತ್ವ ವಹಿಸಿದ್ದಾರೆ. ಜಿಪಿಎಲ್ ಪರವಾನಗಿಯಡಿ ಸಿಗುವುದರಿಂದ ಹಣ ಕೊಡಬೇಕಿಲ್ಲ, ಮೂಲ ಸಂಕೇತವನ್ನೂ ಓದಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಬಳಸುವ ದಾರಿಯೂ ಮೂರು: ಚಿತ್ರರೂಪದ ಕಿಟಕಿ, ಆಜ್ಞಾ ಸಾಲಿನ ಪುಟ್ಟ ಪ್ರೋಗ್ರಾಂಗಳು, ಮತ್ತು ಪೈಗ್ಯಾಂಬಿಟ್ ಎಂಬ ಪೈಥಾನ್ ಪ್ಯಾಕೇಜ್.

ಕೆಟ್ಟ ಸಂಪರ್ಕಕ್ಕೆಂದು ಗ್ಯಾಂಬಿಟ್‌ನಲ್ಲಿ ಪ್ರತ್ಯೇಕ ಗುಂಡಿಯಿಲ್ಲ. ಸಂದೇಶ ನಷ್ಟದ ಪ್ರಮಾಣ ಶೇಕಡಾ 10 ಎಂದು ಒಂದು ಚೌಕದಲ್ಲಿ ತುಂಬಿ ಮುಂದೆ ಸಾಗಬಹುದು ಎಂದುಕೊಂಡವರಿಗೆ ನಿರಾಸೆಯಾಗುತ್ತದೆ. ಸಂದೇಶ ಹೊರಡುವ ಪ್ರತಿ ಹಂತದಲ್ಲೂ ಆಟದ ಮರಕ್ಕೆ, ಅಂದರೆ ನಡೆಗಳನ್ನು ಕೊಂಬೆಗಳಾಗಿ ಬಿಡಿಸಿದ ಚಿತ್ರಕ್ಕೆ, ಒಂದು ಆಕಸ್ಮಿಕ ನಡೆಯನ್ನು ನಾವೇ ಸೇರಿಸಬೇಕು; ಅದರ ಒಂದು ಕೊಂಬೆ ‘ತಲುಪಿತು’, ಇನ್ನೊಂದು ‘ತಲುಪಲಿಲ್ಲ’. ಆಮೇಲೆ, ಸಂದೇಶ ಬಾರದ ಆಟಗಾರನಿಗೆ ಅದನ್ನು ಯಾರೂ ಕಳಿಸಲೇ ಇಲ್ಲವೋ ಅಥವಾ ಕಳಿಸಿದ್ದು ದಾರಿಯಲ್ಲಿ ಕಳೆಯಿತೋ ತಿಳಿಯುವಂತಿಲ್ಲವಾದ್ದರಿಂದ, ಮರದ ಆ ಎರಡೂ ಗಂಟುಗಳನ್ನು ಒಂದೇ ಮಾಹಿತಿ ಗಣಕ್ಕೆ, ಅಂದರೆ ಆಟಗಾರನಿಗೆ ಒಂದರಿಂದೊಂದು ಬೇರೆಯೆಂದು ತಿಳಿಯದ ಸ್ಥಿತಿಗಳ ಗುಂಪಿಗೆ, ಸೇರಿಸಬೇಕು. ಮೊದಲ ನೋಟಕ್ಕೆ ಇದು ಬೇಸರದ ಕೆಲಸ. ಆದರೆ ನನ್ನ ಮಟ್ಟಿಗೆ ಈ ತಂತ್ರಾಂಶದ ದೊಡ್ಡ ಗುಣ ಇದೇ, ಏಕೆಂದರೆ ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ ಎಂಬುದನ್ನು ತೇಲಿಸಿ ಹೇಳಿ ಪಾರಾಗಲು ಅದು ಬಿಡುವುದಿಲ್ಲ. ಜಾಲದ ಪ್ರೋಟೋಕಾಲ್‌ಗಳ ಬಗ್ಗೆ ನಡೆಯುವ ಎಷ್ಟೋ ವಾದಗಳು ಆಟದ ಮರವನ್ನು ಬಿಡಿಸಿದ ಕೂಡಲೇ ತಾವಾಗಿಯೇ ಇತ್ಯರ್ಥವಾಗುತ್ತವೆ.

ಪರೀಕ್ಷೆಗೆ ನಾನು ಆಯ್ದುಕೊಂಡದ್ದು ಈ ಕ್ಷೇತ್ರದ ಹಳೆಯ ಸಮಸ್ಯೆ. ನಂಬಲಾಗದ ದೂತರ ಮೂಲಕ ಇಬ್ಬರು ದಂಡನಾಯಕರು ದಾಳಿಯ ಸಮಯವನ್ನು ನಿಶ್ಚಯಿಸಿಕೊಳ್ಳಲಾರರು ಎಂಬ ಒಗಟು 1970ರ ದಶಕದಲ್ಲಿ ಕಂಪ್ಯೂಟರ್ ಜಾಲಗಳ ಚರ್ಚೆಯಲ್ಲಿ ಹುಟ್ಟಿತು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅದನ್ನು ಜನಪ್ರಿಯಗೊಳಿಸಿದರು. 1989ರಲ್ಲಿ ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್ ಅದಕ್ಕೆ ಗೇಮ್ ಥಿಯರಿಯ ರೂಪ ಕೊಟ್ಟರು. ‘ಇಮೇಲ್ ಆಟ’ ಎಂದು ಪ್ರಸಿದ್ಧವಾದದ್ದು ಅದೇ. ನಾನು ಮರ ಕಟ್ಟಿದ್ದು ಆ ಆಟದ ಮೊಟಕುಗೊಳಿಸಿದ ರೂಪಕ್ಕೆ. ಪರಿಸ್ಥಿತಿ ನಾಲ್ಕರಲ್ಲಿ ಮೂರು ಪಾಲು ಶಾಂತವಾಗಿರುತ್ತದೆ, ಒಂದು ಪಾಲು ತುರ್ತಾಗಿರುತ್ತದೆ. ಅದು ಯಾವುದೆಂದು ಮೊದಲ ಏಜೆಂಟ್‌ಗೆ ಮಾತ್ರ ಕಾಣುತ್ತದೆ. ತುರ್ತಾಗಿದ್ದರೆ ಅದರ ಯಂತ್ರ ಎರಡನೆಯ ಏಜೆಂಟ್‌ಗೆ ತಾನಾಗಿಯೇ ಒಂದು ಸಂದೇಶ ಕಳಿಸುತ್ತದೆ. ಅದು ಕಳೆದುಹೋಗುವ ಸಂಭವನೀಯತೆ 1/10. ಇಬ್ಬರಿಗೂ ಇರುವ ಆಯ್ಕೆ ಎರಡೇ, ಹೊರಡುವುದು ಅಥವಾ ಸುಮ್ಮನಿರುವುದು. ಶಾಂತ ಸ್ಥಿತಿಯಲ್ಲಿ ಇಬ್ಬರೂ ಸುಮ್ಮನಿದ್ದರೆ ತಲಾ 1 ಅಂಕ, ತುರ್ತಿನಲ್ಲಿ ಇಬ್ಬರೂ ಹೊರಟರೆ ತಲಾ 1 ಅಂಕ. ಯಾವ ಸ್ಥಿತಿಯಲ್ಲೇ ಆಗಲಿ ಒಬ್ಬನೇ ಹೊರಟರೆ ಹೊರಟವನಿಗೆ 2 ಅಂಕಗಳ ನಷ್ಟ. ಉಳಿದೆಲ್ಲ ಸಂದರ್ಭಗಳಲ್ಲಿ ಸೊನ್ನೆ.

ಎರಡೇ ಆಟಗಾರರ ಆಟವಾದ್ದರಿಂದ ಎನಮ್‌ಮಿಕ್ಸ್‌ಡ್ ಎಂಬ ಪ್ರೋಗ್ರಾಂ ಎಲ್ಲ ಸಮತೋಲನಗಳನ್ನೂ ಪಟ್ಟಿ ಮಾಡುತ್ತದೆ. ನಾವು ನಿರೀಕ್ಷಿಸುವ ಸಮತೋಲನ ಅದರಲ್ಲಿದೆ: ತುರ್ತು ಕಂಡೊಡನೆ ಮೊದಲ ಏಜೆಂಟ್ ಹೊರಡುತ್ತದೆ, ಸಂದೇಶ ತಲುಪಿದರೆ ಎರಡನೆಯದೂ ಹೊರಡುತ್ತದೆ, ತಲುಪದಿದ್ದರೆ ಸುಮ್ಮನಿರುತ್ತದೆ. ಆಗ ಮೊದಲನೆಯದಕ್ಕೆ ಸರಾಸರಿ 0.925, ಎರಡನೆಯದಕ್ಕೆ 0.975 ದಕ್ಕುತ್ತದೆ. ಇದರ ಪಕ್ಕದಲ್ಲೇ ಇನ್ನೊಂದು ಸಮತೋಲನ: ಏನೇ ಆದರೂ ಯಾರೂ ಹೊರಡುವುದಿಲ್ಲ, ಇಬ್ಬರಿಗೂ ತಲಾ 0.75. ಮೂರನೆಯದು ಮಿಶ್ರ ಸಮತೋಲನ, ಅಂದರೆ ನಡೆಯನ್ನು ಪಗಡೆ ಉರುಳಿಸಿದಂತೆ ಸಂಭವನೀಯತೆಗೆ ಬಿಟ್ಟು ಆಯ್ದುಕೊಳ್ಳುವಂಥದ್ದು. ಅದರಲ್ಲಿ ತುರ್ತು ಕಂಡ ಮೊದಲ ಏಜೆಂಟ್ 2/3 ಸಂಭವನೀಯತೆಯಿಂದ ಹೊರಡುತ್ತದೆ, ಸಂದೇಶ ಪಡೆದ ಎರಡನೆಯದು 20/27ರಿಂದ. ಈ ಭಿನ್ನರಾಶಿಗಳನ್ನು ಗ್ಯಾಂಬಿಟ್ ಭಿನ್ನರಾಶಿಗಳಾಗಿಯೇ ಕೊಡುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. 0.7407 ಎಂಬ ದಶಮಾಂಶ ಬಂದಿದ್ದರೆ ಅದು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟ. 20/27 ಎಂದಾಗ, 2/3ನ್ನು 9/10ರಿಂದ ಭಾಗಿಸಿದ್ದು ಎಂದು ಕಾಗದದ ಮೇಲೆ ಕೂಡಲೇ ಪರಿಶೀಲಿಸಬಹುದು. ಇಷ್ಟೆಲ್ಲ ಪಗಡೆ ಉರುಳಿಸಿಯೂ ಈ ಮಿಶ್ರ ಸಮತೋಲನ ಇಬ್ಬರಿಗೂ ಕೊಡುವುದು ಅದೇ 0.75.

ಪಟ್ಟಿ ಇಷ್ಟಕ್ಕೇ ಮುಗಿಯಲಿಲ್ಲ. ಶಾಂತ ಸ್ಥಿತಿಯಲ್ಲೂ ಇಬ್ಬರೂ ಹೊರಟುಬಿಡುವ ವಿಚಿತ್ರ ಸಮತೋಲನಗಳನ್ನೂ ಅದು ಎತ್ತಿ ತೋರಿಸಿತು. ಎರಡನೆಯ ಏಜೆಂಟ್ ಯಾವಾಗಲೂ ಹೊರಡುತ್ತದೆ ಎಂದಾದರೆ, ಶಾಂತ ಸ್ಥಿತಿಯಲ್ಲಿ ಮೊದಲನೆಯದಕ್ಕೆ ಹೊರಟರೂ ಸೊನ್ನೆ, ಬಿಟ್ಟರೂ ಸೊನ್ನೆ. ಹಾಗಾಗಿ ಅದು 0ಯಿಂದ 1/90ರವರೆಗಿನ ಯಾವುದೇ ಸಂಭವನೀಯತೆಯಿಂದ ಸುಮ್ಮನಿದ್ದರೂ ಸಮತೋಲನ ಕೆಡುವುದಿಲ್ಲ. ಅಂದರೆ ಇಲ್ಲಿ ಒಂದು ಬಿಂದುವಿನ ಬದಲು ಇಡೀ ಒಂದು ರೇಖಾಖಂಡವೇ ಸಮತೋಲನಗಳಿಂದ ತುಂಬಿದೆ, ಮತ್ತು ಎನಮ್‌ಮಿಕ್ಸ್‌ಡ್ ಕೊಡುವುದು ಅದರ ಎರಡು ತುದಿಗಳನ್ನು. ಹೀಗೆ ಕೂಡಿಕೊಂಡಿರುವ ಸಮತೋಲನಗಳನ್ನು ಗುಂಪಾಗಿ ತೋರಿಸಲು ‘ಸಿ’ ಎಂಬ ಆಯ್ಕೆಯಿದೆ; ಅದನ್ನು ಹಾಕದೆ ಪಟ್ಟಿಯನ್ನು ಎಣಿಸುವವರು ಎರಡು ತುದಿಗಳನ್ನು ಎರಡು ಬೇರೆ ಸಮತೋಲನಗಳೆಂದು ಓದುವ ಅಪಾಯವಿದೆ. ರೂಬಿನ್‌ಸ್ಟೈನ್ ತಮ್ಮ ಪ್ರಮೇಯವನ್ನು ‘ಶಾಂತ ಸ್ಥಿತಿಯಲ್ಲಿ ಮೊದಲ ಆಟಗಾರ ಸುಮ್ಮನಿರುವ ಸಮತೋಲನಗಳಲ್ಲಿ’ ಎಂಬ ಷರತ್ತಿನೊಂದಿಗೇ ಹೇಳಿದ್ದೇಕೆ ಎಂಬುದು ಈ ಪಟ್ಟಿಯನ್ನು ನೋಡಿದಾಗ ಸ್ಪಷ್ಟವಾಗುತ್ತದೆ. ಶಾಂತ ಸ್ಥಿತಿಯಲ್ಲಿ ಇಬ್ಬರೂ ಹೊರಟರೆ ತಲಾ 1 ಅಂಕ ನಷ್ಟ ಎಂದು ಒಂದೇ ಒಂದು ಪ್ರತಿಫಲವನ್ನು ತಿದ್ದಿ ಮತ್ತೆ ಓಡಿಸಿದರೆ ಈ ಗುಂಪು ಮಾಯವಾಗಿ ಮೇಲಿನ ಮೂರು ಮಾತ್ರ ಉಳಿಯುತ್ತವೆ.

ಮುಂದಿನ ಪ್ರಯೋಗ ಇನ್ನೂ ಸ್ವಾರಸ್ಯಕರವಾದದ್ದು. ಸಂಪರ್ಕ ನಂಬಲಾಗದಿದ್ದರೆ ಸ್ವೀಕೃತಿ ಸಂದೇಶವನ್ನು ಸೇರಿಸಿ ಎಂಬುದು ಯಾವುದೇ ಜಾಲದ ಎಂಜಿನಿಯರ್ ಕೊಡುವ ಮೊದಲ ಸಲಹೆ. ಅದನ್ನೇ ಮಾಡಿದೆ: ಸಂದೇಶ ತಲುಪಿದೊಡನೆ ಎರಡನೆಯ ಏಜೆಂಟ್‌ನ ಯಂತ್ರ ತಾನಾಗಿಯೇ ಸ್ವೀಕೃತಿ ಕಳಿಸುತ್ತದೆ, ಅದೂ 1/10 ಸಂಭವನೀಯತೆಯಿಂದ ಕಳೆದುಹೋಗುತ್ತದೆ. ಮರಕ್ಕೆ ಇನ್ನೊಂದು ಆಕಸ್ಮಿಕ ನಡೆ, ಮೊದಲ ಏಜೆಂಟ್‌ಗೆ ಇನ್ನೊಂದು ಮಾಹಿತಿ ಗಣ, ಬದಲಾವಣೆ ಇಷ್ಟೇ. ಈಗ ತುರ್ತು ಕಂಡರೂ ಸ್ವೀಕೃತಿ ಬರದಿದ್ದಾಗ ಮೊದಲ ಏಜೆಂಟ್ ಏನೆಂದು ಯೋಚಿಸಬೇಕು? ತನ್ನ ಸಂದೇಶವೇ ಕಳೆದಿರುವ ಸಂಭವನೀಯತೆ 10/19, ಸ್ವೀಕೃತಿ ಮಾತ್ರ ಕಳೆದಿರುವುದು 9/19. ಹೊರಟರೆ ನಿರೀಕ್ಷಿತ ಫಲ ಋಣ 11/19. ಆದ್ದರಿಂದ ಅದು ಹೊರಡುವುದಿಲ್ಲ. ಒಂದೇ ಸಂದೇಶವಿದ್ದಾಗ ಧೈರ್ಯವಾಗಿ ಹೊರಡುತ್ತಿದ್ದ ಏಜೆಂಟ್ ಸ್ವೀಕೃತಿಯ ಏರ್ಪಾಡು ಬಂದ ಮೇಲೆ ಅದು ಬರುವವರೆಗೆ ಕೂತುಬಿಡುತ್ತದೆ. ಹೊಂದಾಣಿಕೆಯ ಸಮತೋಲನ ಈಗಲೂ ಇದೆಯಾದರೂ ಎರಡೂ ಸಂದೇಶ ತಲುಪಿದರೆ ಮಾತ್ರ ಅದು ಫಲಿಸುತ್ತದೆ. ಫಲಗಳು 0.9525 ಮತ್ತು 0.9075, ಒಟ್ಟು 1.9 ಇದ್ದದ್ದು 1.86ಕ್ಕೆ ಇಳಿಯಿತು. ಒಬ್ಬಂಟಿಯಾಗಿ ಹೊರಟು ಸಿಕ್ಕಿಬೀಳುವ ಅಪಾಯ ಮೊದಲನೆಯದರಿಂದ ಎರಡನೆಯದಕ್ಕೆ ದಾಟಿತು, ಜೊತೆಗೆ ಇಬ್ಬರೂ ಕೂಡಿ ಹೊರಡುವ ಅವಕಾಶ ಶೇಕಡಾ 90ರಿಂದ 81ಕ್ಕೆ ಕುಸಿಯಿತು.

ಸ್ವೀಕೃತಿಗೊಂದು ಸ್ವೀಕೃತಿ ಸೇರಿಸಿದರೆ ಒಟ್ಟು 1.824. ಹೀಗೆ ಪ್ರತಿ ಹೊಸ ಸಂದೇಶವೂ ಯಾರೂ ಹೊರಡದ ಆಟದ ಫಲವಾದ 1.5ರ ಮೇಲಿರುವ ಲಾಭವನ್ನು ಶೇಕಡಾ 10ರಷ್ಟು ಕರಗಿಸುತ್ತ ಹೋಗುತ್ತದೆ. ಸಂದೇಶಗಳಿಗೆ ಮಿತಿಯೇ ಇಲ್ಲದಿದ್ದರೆ ಉಳಿಯುವುದು ಯಾರೂ ಹೊರಡದ ಸಮತೋಲನ, ಅದೇ ರೂಬಿನ್‌ಸ್ಟೈನ್ ಸಾಧಿಸಿದ ಫಲಿತಾಂಶ. ಅಪರಿಮಿತ ಆಟವನ್ನು ಗ್ಯಾಂಬಿಟ್‌ಗೆ ಕೊಡಲಾಗುವುದಿಲ್ಲ, ಅದಕ್ಕೆ ಮರ ಎಲ್ಲಾದರೂ ಮುಗಿಯಲೇಬೇಕು. ಆದರೆ ಮೊಟಕುಗೊಳಿಸಿದ ಆಟಗಳನ್ನು ಒಂದರ ಹಿಂದೊಂದು ಓಡಿಸಿ ಈ ಇಳಿಜಾರನ್ನು ಕಣ್ಣಾರೆ ನೋಡುವುದಕ್ಕೂ, ಪ್ರಮೇಯದ ಸಾಲನ್ನು ಓದಿ ತಲೆಯಾಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸ್ವೀಕೃತಿಯನ್ನು ಕಳಿಸಬೇಕೋ ಬೇಡವೋ ಎಂಬುದನ್ನು ಏಜೆಂಟ್‌ಗಳೇ ನಿರ್ಧರಿಸುವಂತಿದ್ದರೆ ಅದು ಬೇರೆಯೇ ಆಟ, ಅದಕ್ಕೆ ಬೇರೆಯೇ ಮರ ಬೇಕು. ಮೇಲಿನ ಅಂಕಿಗಳನ್ನು ಅಲ್ಲಿಗೆ ಕೊಂಡೊಯ್ಯುವಂತಿಲ್ಲ.

ಇಬ್ಬರಿಂದ ಮೂವರಿಗೆ ಹೋದೊಡನೆ ತಂತ್ರಾಂಶದ ಸ್ವಭಾವ ಬದಲಾಗುತ್ತದೆ. ಮೊದಲ ಏಜೆಂಟ್ ಎರಡು ಪ್ರತ್ಯೇಕ ಕೊಂಡಿಗಳ ಮೂಲಕ ಇಬ್ಬರಿಗೆ ಸಂದೇಶ ಕಳಿಸುತ್ತದೆ, ಎಲ್ಲರೂ ಹೊರಟರೆ ಮಾತ್ರ ಫಲ, ಯಾರೊಬ್ಬರು ಹಿಂದುಳಿದರೂ ಹೊರಟವರಿಗೆ ನಷ್ಟ ಎಂದಿಟ್ಟುಕೊಳ್ಳೋಣ. ಎನಮ್‌ಮಿಕ್ಸ್‌ಡ್ ಮತ್ತು ಎಲ್‌ಸಿಪಿ ಎಂಬ ಇನ್ನೊಂದು ಪ್ರೋಗ್ರಾಂ ಎರಡೂ ಇಬ್ಬರು ಆಟಗಾರರ ಆಟಕ್ಕೆ ಸೀಮಿತವಾದ್ದರಿಂದ ಅವನ್ನು ಇಲ್ಲಿ ಕೈಬಿಡಬೇಕು. ಮಿಶ್ರ ಸಮತೋಲನದ ಸಂಭವನೀಯತೆಗಳೂ ಇನ್ನು ಭಿನ್ನರಾಶಿಗಳಾಗಿ ಉಳಿಯುವುದಿಲ್ಲ: ತುರ್ತು ಕಂಡವನು ಹೊರಡುವ ಸಂಭವನೀಯತೆ 2/3ರ ವರ್ಗಮೂಲ, ಅಂದರೆ ಸುಮಾರು 0.8165, ಸಂದೇಶ ಪಡೆದವರು ಹೊರಡುವುದು ಸುಮಾರು 0.9072. ಮೂವರು ಅಥವಾ ಹೆಚ್ಚು ಆಟಗಾರರಿದ್ದಾಗ ಹೀಗಾಗುವುದು ಗಣಿತದ ಸಹಜ ಗುಣ, ತಂತ್ರಾಂಶದ ದೋಷವಲ್ಲ. ಆದರೆ ಅಲ್ಲಿಯವರೆಗೆ ಇದ್ದ ಕರಾರುವಾಕ್ಕಾದ ಉತ್ತರದ ನೆಮ್ಮದಿ ಹೋಗುತ್ತದೆ. ಜಾಲದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಬೇರೆಯದು. ಸಂದೇಶ ಪಡೆಯುವವರು ಮೂವರಾದಾಗ ಎಲ್ಲರಿಗೂ ತಲುಪುವ ಸಂಭವನೀಯತೆ 0.729, 1 ಅಂಕದ ಲಾಭಕ್ಕಾಗಿ 2 ಅಂಕಗಳ ನಷ್ಟದ ಅಪಾಯ ಹೊತ್ತು ಹೊರಡಲು ಬೇಕಾದ 2/3ಕ್ಕಿಂತ ಅದು ಹೆಚ್ಚು, ಹಾಗಾಗಿ ಹೊಂದಾಣಿಕೆ ನಿಲ್ಲುತ್ತದೆ. ನಾಲ್ವರಾದರೆ 0.6561, ಅಲ್ಲಿಗೆ ಅದು ಮುರಿದುಬೀಳುತ್ತದೆ. ಕೊಂಡಿಯ ಗುಣಮಟ್ಟ ಕೂದಲೆಳೆಯಷ್ಟೂ ಬದಲಾಗದೆ, ಜಾಲಕ್ಕೆ ಒಬ್ಬ ಸದಸ್ಯ ಹೆಚ್ಚಿದ್ದರಿಂದಲೇ ಸಮತೋಲನವೊಂದು ಇಲ್ಲವಾಗುತ್ತದೆ.

ಮೂವರ ಮೇಲಿನ ಆಟಗಳಿಗೆ ಗ್ಯಾಂಬಿಟ್ ಹಲವು ದಾರಿಗಳನ್ನು ಕೊಟ್ಟಿದೆ, ಅವುಗಳ ನಡುವೆ ಆಯ್ಕೆ ಮಾಡುವುದು ಹೊಸಬರಿಗೆ ಸುಲಭವಲ್ಲ. ಎನಮ್‌ಪಾಲಿ ಬಹುಪದ ಸಮೀಕರಣಗಳನ್ನು ಬಿಡಿಸುತ್ತದೆ, ಆಟ ಸ್ವಲ್ಪ ದೊಡ್ಡದಾದರೂ ಏದುಸಿರು ಬಿಡುತ್ತದೆ. ಜಿಎನ್‌ಎಂ ಮತ್ತು ಐಪಿಎ ಎಂಬವು ಗೋವಿಂದನ್ ಮತ್ತು ವಿಲ್ಸನ್ ಅವರ ವಿಧಾನಗಳು. ನಾನು ಹೆಚ್ಚಾಗಿ ನೆಚ್ಚಿಕೊಂಡಿದ್ದು ಲಾಜಿಟ್ ಅನ್ನು. ಮೆಕೆಲ್ವಿ ಮತ್ತು ಪಾಲ್‌ಫ್ರೇ 1995ರಲ್ಲಿ ಮಂಡಿಸಿದ ಕಲ್ಪನೆಯನ್ನು ಆಧರಿಸಿದ ಈ ವಿಧಾನ, ಎಲ್ಲರೂ ಎಲ್ಲ ನಡೆಗಳನ್ನೂ ಸಮನಾಗಿ ಆಡುವ ಸ್ಥಿತಿಯಿಂದ ಹೊರಟು, ಆಟಗಾರರ ವಿವೇಚನೆಯನ್ನು ಮೆಲ್ಲಗೆ ಹೆಚ್ಚಿಸುತ್ತ ಒಂದು ಸಮತೋಲನದತ್ತ ಸಾಗುತ್ತದೆ. ದಾರಿಯುದ್ದಕ್ಕೂ ಸಿಗುವ ಬಿಂದುಗಳೂ ಉಪಯುಕ್ತವೇ, ಏಕೆಂದರೆ ಆಗಾಗ ತಪ್ಪುವ ಏಜೆಂಟ್‌ಗಳ ವರ್ತನೆಗೆ ಅವು ಒಂದು ಮಾದರಿ. ಆದರೆ ಕೊನೆಗೆ ಸಿಗುವುದು ಒಂದೇ ಒಂದು ಸಮತೋಲನ. ಯಾರೂ ಹೊರಡದ ಸಮತೋಲನ ಮತ್ತು ಎಲ್ಲರೂ ಹೊರಡುವ ಸಮತೋಲನ ಅಕ್ಕಪಕ್ಕದಲ್ಲಿರುವ ನಮ್ಮಂಥ ಆಟದಲ್ಲಿ, ಸಿಕ್ಕಿದ ಒಂದನ್ನೇ ಜಾಲದ ಭವಿಷ್ಯವೆಂದು ವರದಿ ಮಾಡುವುದು ಓದುಗರನ್ನು ದಾರಿತಪ್ಪಿಸಿದಂತೆ.

ಗಾತ್ರದ ಮಿತಿಯನ್ನು ಮರೆಮಾಚದೆ ಹೇಳಬೇಕು. ನಾಲ್ಕು ಏಜೆಂಟ್‌ಗಳ ನಡುವೆ ಎರಡೂ ದಿಕ್ಕಿನ ಕೊಂಡಿಗಳನ್ನು ಎಣಿಸಿದರೆ 12. ಪ್ರತಿಯೊಂದೂ ತಲುಪಬಹುದು ಅಥವಾ ಕಳೆಯಬಹುದು ಎಂದರೆ ಒಂದೇ ಸುತ್ತಿಗೆ 4,096 ಆಕಸ್ಮಿಕ ಫಲಿತಗಳು. ಹತ್ತು ಏಜೆಂಟ್‌ಗಳಾದರೆ ಕೊಂಡಿಗಳು 90, ಫಲಿತಗಳು 2ರ 90ನೆಯ ಘಾತ; ಮರ ಬಿಡಿಸುವ ಮಾತೇ ಇಲ್ಲ. ಸಂಪರ್ಕವನ್ನು ಪೂರ್ತಿ ಬದಿಗಿಟ್ಟು ಪ್ರತಿಫಲದ ಕೋಷ್ಟಕವನ್ನಷ್ಟೇ ಬರೆದರೂ, ತಲಾ ಎರಡು ಆಯ್ಕೆಗಳಿರುವ 20 ಏಜೆಂಟ್‌ಗಳಿಗೆ ಎರಡು ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ತುಂಬಬೇಕು. ಒಬ್ಬನ ಫಲ ನೆರೆಯ ಕೆಲವರನ್ನು ಮಾತ್ರ ಅವಲಂಬಿಸಿರುವಂಥ ಆಟಗಳನ್ನು ಚಿಕ್ಕದಾಗಿ ಬರೆಯಲು ಆಕ್ಷನ್ ಗ್ರಾಫ್ ರೂಪಕ್ಕೆ ಗ್ಯಾಂಬಿಟ್‌ನಲ್ಲಿ ಅವಕಾಶವಿದೆ, ಅದು ಬರೆಯುವ ಹೊರೆಯನ್ನು ಇಳಿಸುತ್ತದೆ. ಬಿಡಿಸುವ ಹೊರೆ ಹಾಗೆಯೇ ಉಳಿಯುತ್ತದೆ. ಇಬ್ಬರ ಆಟದಲ್ಲೂ ಸಮತೋಲನ ಹುಡುಕುವುದು ಮೂಲತಃ ಕಠಿಣ ಲೆಕ್ಕವೆಂದು 2006ರಲ್ಲೇ ಚೆನ್ ಮತ್ತು ಡೆಂಗ್ ತೋರಿಸಿರುವುದರಿಂದ, ಇದಕ್ಕಾಗಿ ಗ್ಯಾಂಬಿಟ್ ಒಂದನ್ನೇ ದೂರುವುದು ನ್ಯಾಯವಲ್ಲ.

ಇನ್ನೊಂದು ವ್ಯತ್ಯಾಸವನ್ನು ಖರೀದಿಗೆ ಮುಂಚೆ, ಹಣವಿಲ್ಲದ ಖರೀದಿಯೇ ಆದರೂ, ತಿಳಿದಿರಬೇಕು. ಗ್ಯಾಂಬಿಟ್ ಇಡೀ ಆಟವನ್ನು ಮೇಲಿನಿಂದ ನೋಡಿ, ಒಂದೇ ಯಂತ್ರದಲ್ಲಿ ಲೆಕ್ಕ ಹಾಕುತ್ತದೆ. ಏಜೆಂಟ್‌ಗಳೇ ತಂತಮ್ಮ ನೆರೆಯವರೊಡನೆ ಅರೆಬರೆ ಮಾತಾಡಿಕೊಂಡು, ಯಾರ ಬಳಿಯೂ ಪೂರ್ತಿ ಚಿತ್ರವಿಲ್ಲದೆ, ಹೆಜ್ಜೆ ಹೆಜ್ಜೆಯಾಗಿ ಸಮತೋಲನ ತಲುಪುವ ವಿಧಾನಗಳು ಬೇರೆ ಜಾತಿಯವು. ಅವುಗಳಲ್ಲಿ ಪ್ರತಿ ಏಜೆಂಟ್ ಉಳಿದವರ ನಡೆಗಳ ಬಗ್ಗೆ ಒಂದು ಅಂದಾಜನ್ನು ಇಟ್ಟುಕೊಂಡು, ಆಗಾಗ ಯಾವುದಾದರೊಂದು ನೆರೆಯ ಏಜೆಂಟ್‌ನ ಅಂದಾಜಿನೊಡನೆ ಸರಿತೂಗಿಸಿಕೊಂಡು, ತನ್ನ ನಡೆಯನ್ನು ಲಾಭದ ದಿಕ್ಕಿಗೆ ತುಸು ಸರಿಸುತ್ತದೆ. ಸಾಲೇಹಿಸದಘಿಯಾನಿ ಮತ್ತು ಲಾಕ್ರಾ ಪಾವೆಲ್ 2016ರಲ್ಲಿ ಪ್ರಕಟಿಸಿದ ಗಾಸಿಪ್ ವಿಧಾನ ಈ ಬಗೆಯದು. ಅಂಥ ಪ್ರಯೋಗಕ್ಕೆ ನೀವೇ ಪೈಥಾನ್‌ನಲ್ಲಿ ಬರೆದುಕೊಳ್ಳಬೇಕು. ಗ್ಯಾಂಬಿಟ್ ಅಲ್ಲಿ ಹೆಚ್ಚೆಂದರೆ ಸಣ್ಣ ಆಟದ ಸರಿಯುತ್ತರವನ್ನು ಕೊಟ್ಟು ತಾಳೆ ನೋಡಲು ನೆರವಾಗುತ್ತದೆ. ಕಲಿಕೆಯ ಮೂಲಕ ದೊಡ್ಡ ಆಟಗಳನ್ನು ಸಮೀಪಿಸುವವರಿಗೆ 2019ರಲ್ಲಿ ಕೃತಕ ಬುದ್ಧಿಮತ್ತೆಯ ಕಂಪನಿ ಡೀಪ್‌ಮೈಂಡ್ ಹೊರತಂದ ಓಪನ್‌ಸ್ಪೀಲ್ ತಂತ್ರಾಂಶ ಹೆಚ್ಚು ಹೊಂದುತ್ತದೆ, ಆದರೆ ಅಲ್ಲಿನ ಪ್ರಸಿದ್ಧ ವಿಧಾನಗಳ ಭರವಸೆ ಬಹುಪಾಲು ಇಬ್ಬರ ಶೂನ್ಯಮೊತ್ತದ, ಅಂದರೆ ಒಬ್ಬನ ಗಳಿಕೆಯೇ ಇನ್ನೊಬ್ಬನ ನಷ್ಟವಾಗುವ, ಆಟಗಳಿಗೆ ಮಾತ್ರ. ಹೊಂದಾಣಿಕೆಯೇ ವಿಷಯವಾಗಿರುವ ನಮ್ಮ ಆಟಕ್ಕೆ ಆ ಭರವಸೆ ಅನ್ವಯಿಸುವುದಿಲ್ಲ.

ದಿನಬಳಕೆಯ ವಿಷಯ. ಚಿತ್ರರೂಪದ ಕಿಟಕಿ ಮೊದಲ ಪಾಠಗಳಿಗೆ ಚೆನ್ನಾಗಿದೆ. ಆಟಗಾರರಿಗೆ ಬೇರೆ ಬೇರೆ ಬಣ್ಣ, ಕೊಂಬೆಗಳ ಮೇಲೆಯೇ ಸಮತೋಲನದ ಸಂಭವನೀಯತೆಗಳು. ಸ್ವೀಕೃತಿಗಳ ಸರಪಳಿ ಮೂರು ನಾಲ್ಕು ಹಂತ ದಾಟಿದರೆ ಕೈಯಿಂದ ಮರ ಕಟ್ಟುವುದು ಸಾಕಾಗುತ್ತದೆ, ಆಗ ಪೈಗ್ಯಾಂಬಿಟ್‌ನಲ್ಲಿ ಒಂದು ಸಣ್ಣ ಆವರ್ತನೆ (ಲೂಪ್) ಬರೆದು ಮರ ಬೆಳೆಸುವುದೇ ಲೇಸು. ಸಂಭವನೀಯತೆಗಳನ್ನು ಅಲ್ಲಿ 1/10 ಎಂಬಂತೆ ಭಿನ್ನರಾಶಿಯಲ್ಲೇ ಕೊಡುವುದು ಒಳ್ಳೆಯದು. ಆಜ್ಞಾ ಸಾಲಿನ ಪ್ರೋಗ್ರಾಂಗಳ ಉತ್ತರ ಮಾತ್ರ ತೀರಾ ಒಣದು: ಪ್ರತಿ ಸಾಲಿನ ಆರಂಭದಲ್ಲಿ ‘ಎನ್‌ಇ’ ಎಂಬ ಎರಡಕ್ಷರ, ಆಮೇಲೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಸಂಖ್ಯೆಗಳ ಸಾಲು. ಯಾವ ಸಂಖ್ಯೆ ಯಾರ ಯಾವ ನಡೆಗೆ ಸೇರಿದ್ದೆಂಬುದನ್ನು ಕಡತದಲ್ಲಿ ನಾವು ಬರೆದ ಕ್ರಮದಿಂದಲೇ ಲೆಕ್ಕ ಹಾಕಿಕೊಳ್ಳಬೇಕು. ಕೈಪಿಡಿ ಇಂಗ್ಲಿಷಿನಲ್ಲಿದ್ದು, ವಿಧಾನಗಳ ವಿವರಣೆ ಅಚ್ಚುಕಟ್ಟಾಗಿದೆ, ಪ್ರತಿಯೊಂದರ ಮೂಲ ಲೇಖನವನ್ನೂ ಹೆಸರಿಸುತ್ತದೆ. ಉದಾಹರಣೆಗಳು ಹೆಚ್ಚಾಗಿ ಅರ್ಥಶಾಸ್ತ್ರದವು, ಇಸ್ಪೀಟಿನವು. ಕೊಂಡಿಗಳ ಪಟ್ಟಿಯನ್ನೂ ಅವುಗಳ ನಷ್ಟದ ಪ್ರಮಾಣವನ್ನೂ ಕೊಟ್ಟರೆ ಆಕಸ್ಮಿಕ ನಡೆಗಳನ್ನೂ ಮಾಹಿತಿ ಗಣಗಳನ್ನೂ ತಾನೇ ಕಟ್ಟಿಕೊಡುವ ಒಂದು ಸಹಾಯಕ ಕಾರ್ಯವನ್ನು ಪೈಗ್ಯಾಂಬಿಟ್‌ಗೆ ಯಾರಾದರೂ ಸೇರಿಸಿದರೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದರತ್ತ ಬರುವುದು ಈಗಿಗಿಂತ ಬಹಳ ಸುಲಭವಾದೀತು.